ಅಣುಶಕ್ತಿ ಜನಕ್ಕೆ ತಿಳಿಯದೆಂಬ ಮಾತು

ಅಣುಶಕ್ತಿಯ ವಿಷಯವು ಸಾಮಾನ್ಯ ಜನರ ಬುದ್ಧಿಗೆ ನಿಲುಕತಕ್ಕುದಲ್ಲ, ಅದನ್ನು ಬಲ್ಲವರ ವಶಕ್ಕೆ ಬಿಟ್ಟು ಮಿಕ್ಕವರು ಅವರ ಮಾತನ್ನು ನಂಬಿ ನಡೆದುಕೊಳ್ಳುವುದೇ ಲೇಸು ಎಂಬ ಅಭಿಪ್ರಾಯವು ನಮ್ಮ ನಡುವೆ ಎಷ್ಟು ದೃಢವಾಗಿ ಬೇರೂರಿರುವುದೆಂದರೆ, ಅದಕ್ಕೆ ಸಮರ್ಥನೆ ಬೇಕೆಂದು ಹೇಳುವವರಿಗೂ ತೋರುವುದಿಲ್ಲ, ಕೇಳುವವರಿಗೂ ತೋರುವುದಿಲ್ಲ. ಸ್ಥಾವರಗಳ ಪಕ್ಷವನ್ನು ವಹಿಸಿದವರು ಎಲ್ಲವೂ ಸುರಕ್ಷಿತವೆಂದು ಅಭಯವಿತ್ತು ಮುಂದಕ್ಕೆ ಹೋಗುವರು. ಸ್ಥಾವರಗಳನ್ನು ವಿರೋಧಿಸುವವರು ಎಲ್ಲವೂ ವಿಷವೆಂದು ಭಯವನ್ನು ಬಿತ್ತಿ ಮುಂದಕ್ಕೆ ಹೋಗುವರು. ಈ ಎರಡು ಪಕ್ಷಗಳು ಒಂದನ್ನೊಂದು ಎಷ್ಟೇ ದ್ವೇಷಿಸಿದರೂ, ಜನಕ್ಕೆ ಕಾರಣ ಬೇಕಿಲ್ಲ, ತೀರ್ಪೊಂದಿದ್ದರೆ ಸಾಕು ಎಂಬಲ್ಲಿ ಅವುಗಳಿಗೆ ಪರಿಪೂರ್ಣವಾದ ಏಕಮತವುಂಟು. ಆ ಏಕಮತವನ್ನು ನಾನು ಖಂಡಿಸುತ್ತೇನೆ. ಅದು ಸುಳ್ಳು, ಅಷ್ಟೇ ಅಲ್ಲ, ಹಿಂದೂಪುರ ಕಲ್ಯಾಣದುರ್ಗಗಳಂಥ ಸೀಮೆಯಲ್ಲಿ ಅದು ಜನರ ಆರೋಗ್ಯಕ್ಕೇ ಕೇಡು ತರತಕ್ಕ ಸುಳ್ಳು.

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಾಗಲಿ, ಕಲ್ಯಾಣದುರ್ಗದ ಬಸ್ ನಿಲ್ದಾಣದಲ್ಲಾಗಲಿ ಈ ಮಾತನ್ನೆತ್ತಿದರೆ, ನಮ್ಮ ಕಡೆ ಅಣುಸ್ಥಾವರವೇ ಇಲ್ಲವಲ್ಲ, ನಮಗೇಕೆ ಅದರ ಗೊಡವೆ ಎಂಬ ಉತ್ತರವು ಮೊದಲು ಬರುವುದು. ಸ್ಥಾವರವಿಲ್ಲವೆಂಬುದು ನಿಜ, ಗೊಡವೆಯಿಲ್ಲವೆಂಬುದು ನಿಜವಲ್ಲ. ಹಿಂದೂಪುರದಿಂದ ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರಿನೊಳಗೇ ಇರುವ ಗೌರಿಬಿದನೂರಿನಲ್ಲಿ 1965ರಿಂದ ಭಾಭಾ ಅಣು ಸಂಶೋಧನ ಕೇಂದ್ರದವರ ಭೂಕಂಪಮಾಪಕಗಳ ಸಾಲು ಇದೆ. ಪರದೇಶಗಳಲ್ಲಿ ನೆಲದಡಿಯಲ್ಲಿ ನಡೆಯುವ ಅಣ್ವಸ್ತ್ರ ಪರೀಕ್ಷೆಗಳ ಕಂಪನವನ್ನು ಹಿಡಿದು, ಅದು ಭೂಕಂಪವೋ ಸ್ಫೋಟವೋ ಎಂದು ವಿಂಗಡಿಸುವುದಕ್ಕಾಗಿಯೇ ಅದನ್ನು ಅಲ್ಲಿ ಕಟ್ಟಿದುದು. ಈ ಸೀಮೆಯ ಬಂಡೆಯು ಪ್ರಾಚೀನವೂ ಗಟ್ಟಿಯೂ ನಿಶ್ಚಲವೂ ಆಗಿರುವುದೇ ಸ್ಥಳದ ಆಯ್ಕೆಗೆ ಕಾರಣ. ಸ್ಫೋಟವು ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ನೂಕುವುದು. ಭೂಕಂಪದಲ್ಲಿ ಎರಡು ಬಂಡೆಗಳು ಪರಸ್ಪರ ಜಾರುವುದರಿಂದ ಕೆಲವು ದಿಕ್ಕಿಗೆ ನೂಕುವುದು, ಕೆಲವು ದಿಕ್ಕಿನಿಂದ ಎಳೆಯುವುದು. ಇಷ್ಟನ್ನು ಹೇಳಲು ಎರಡು ವಾಕ್ಯ ಸಾಕಾಯಿತು. ಆದರೆ ಅರುವತ್ತು ವರ್ಷಗಳ ನೆರೆಹೊರೆಯಲ್ಲಿ ಆ ಎರಡು ವಾಕ್ಯಗಳನ್ನು ಹಿಂದೂಪುರದ ಶಾಲೆಯ ಮಕ್ಕಳಿಗೆ ಎಷ್ಟು ಮಂದಿ ಹೇಳಿರುವರು?

ಇತ್ತ ಹಿಂದೂಪುರವಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೊಂದಿಕೊಂಡೇ ಇರುವ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಯುರೇನಿಯಮ್ ಗಣಿಯುಂಟು. ಪಶ್ಚಿಮದಲ್ಲಿ ಕಾಳೀ ನದಿಯ ದಡದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿದ್ದು, ಅವುಗಳ ವಿದ್ಯುತ್ತು ದಕ್ಷಿಣ ರಾಜ್ಯಗಳ ಜಾಲಕ್ಕೆ ಸೇರುವುದರಿಂದ, ಮಡಕಶಿರದ ಮನೆಯ ದೀಪದಲ್ಲಿಯೂ ಕುಂದುರ್ಪಿಯ ಹೊಲದ ಮೋಟಾರಿನಲ್ಲಿಯೂ ಅದರ ಪಾಲಿರುವುದು. ಇವೆಲ್ಲಕ್ಕಿಂತ ಹತ್ತಿರವಾದ ಸಂಬಂಧವೊಂದು ಕಾಲಡಿಯ ಬಂಡೆಯಲ್ಲಿಯೇ ಇದೆ. ಅದನ್ನು ಮುಂದೆ ಹೇಳುವೆನು.

ಜನಕ್ಕೆ ತಿಳಿಯದು ಎನ್ನುವವರು ಈ ಸೀಮೆಯ ರೈತನೊಡನೆ ಒಂದು ಗಳಿಗೆ ಕುಳಿತು ಮಾತನಾಡಿದವರಲ್ಲವೆಂದೇ ನನ್ನ ಭಾವನೆ. ಮಳೆಗೆ ಎರವಾದ ಈ ನೆಲದಲ್ಲಿ ಕಡಲೆಕಾಯಿ ಬೆಳೆಯುವವನು, ಎಂಟುನೂರು ಅಡಿಗೆ ಕೊರೆದ ಬೋರಿನಲ್ಲಿ ಎಷ್ಟು ಅಡಿಗೆ ಕೇಸಿಂಗ್ ಇಳಿಯಿತು, ಎಷ್ಟನೆಯ ಅಡಿಗೆ ಗ್ಯಾಪ್ ಸಿಕ್ಕಿತು, ಎಷ್ಟು ಇಂಚು ನೀರು ಬಂದಿತು, ಆ ಆಳಕ್ಕೆ ಎಷ್ಟು ಎಚ್.ಪಿ. ಮೋಟಾರು, ಎಷ್ಟು ಸ್ಟೇಜಿನ ಪಂಪು ಬೇಕು, ವೋಲ್ಟೇಜು ಎಷ್ಟಕ್ಕೆ ಇಳಿದರೆ ಕಾಯಿಲು ಸುಡುವುದು ಎಂಬುದನ್ನೆಲ್ಲ ಬೆರಳ ತುದಿಯಲ್ಲಿ ಲೆಕ್ಕ ಹಾಕುವನು. ಫ್ಲೋರೈಡಿನಿಂದ ಹಲ್ಲು ಕಂದಿದ, ಮೊಣಕಾಲು ಸೊಟ್ಟಗಾದ ಹಿರಿಯರನ್ನು ಕಂಡಿರುವ ಈ ಊರುಗಳ ಹೆಂಗಸರು, ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತು ಟಿ.ಡಿ.ಎಸ್. ಎಷ್ಟಿದೆಯೆಂದು ವಿಚಾರಿಸುವರು. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೌರ ಉದ್ಯಾನಕ್ಕೆ ಭೂಮಿಯನ್ನು ಗುತ್ತಿಗೆಗೆ ಕೊಟ್ಟವರು, ಮೆಗಾವ್ಯಾಟೆಂದರೇನು, ಎಕರೆಗೆಷ್ಟು ಎಂಬುದನ್ನು ಯಾರ ಉಪನ್ಯಾಸವನ್ನೂ ಕೇಳದೆ ಕಲಿತುಕೊಂಡರು. ಪರಿಮಾಣ, ಅಳತೆ, ಮಿತಿ ಎಂಬ ಭಾವನೆಗಳು ಇಷ್ಟು ಸ್ಪಷ್ಟವಾಗಿರುವ ಜನಕ್ಕೆ ಅಣುಶಕ್ತಿ ತಿಳಿಯದೆನ್ನುವುದು, ತಿಳಿಸಲು ಮನಸ್ಸಿಲ್ಲದವರು ಹೂಡಿದ ನೆವವಲ್ಲದೆ ಬೇರಲ್ಲ.

ತಿಳಿಸಿದರೆ ತಿಳಿಯುವುದೋ ಇಲ್ಲವೋ ಎಂಬುದನ್ನು ಇಲ್ಲಿಯೇ ಪರೀಕ್ಷಿಸಬಹುದು. ಪರಮಾಣುವಿನ ಮಧ್ಯದಲ್ಲಿ ಅದರ ತೂಕವನ್ನು ಹೆಚ್ಚುಕಡಮೆ ಎಲ್ಲ ಒಳಗೊಂಡ ಅತಿ ಸೂಕ್ಷ್ಮವಾದ ಬೀಜವೊಂದಿರುವುದು. ಪ್ರೋಟಾನು ನ್ಯೂಟ್ರಾನುಗಳೆಂಬ ಕಣಗಳು ಅದರಲ್ಲಿ ಬಲವಾಗಿ ಕೂಡಿಕೊಂಡಿರುವುವು. ಯುರೇನಿಯಮ್ಮಿನ ಬೀಜವು ಪ್ರಕೃತಿಯಲ್ಲಿ ಹೇರಳವಾಗಿ ದೊರೆಯುವ ಬೀಜಗಳಲ್ಲೆಲ್ಲ ದೊಡ್ಡದಾದುದರಿಂದ ಅದರ ಒಳಬಂಧ ಸಡಿಲ. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಓಟೋ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬ ರಸಾಯನಜ್ಞರು, ನ್ಯೂಟ್ರಾನನ್ನು ಹಾಯಿಸಿದ ಯುರೇನಿಯಮ್ಮಿನಲ್ಲಿ ಅದಕ್ಕಿಂತ ಬಹಳ ಹಗುರವಾದ ಬೇರಿಯಮ್ ಇರುವುದನ್ನು ಕಂಡು ಬೆರಗಾದರು. ಬೀಜವೇ ಇಬ್ಭಾಗವಾಗಿರುವುದೆಂದು ಅದರ ಅರ್ಥವನ್ನು ಬಿಡಿಸಿದವರು, ಹಿಟ್ಲರನ ಆಳ್ವಿಕೆಗೆ ಸಿಕ್ಕದೆ ದೇಶ ಬಿಟ್ಟಿದ್ದ ಲೀಸ ಮೈಟ್ನರ್ ಎಂಬ ಮಹಿಳೆ ಮತ್ತು ಆಕೆಯ ಸೋದರಿಯ ಮಗ ಫ್ರಿಶ್. ಬೀಜವು ಹೀಗೆ ಸೀಳಿದಾಗ ಎರಡು ಹೋಳುಗಳೂ ಎರಡು ಮೂರು ಬಿಡಿ ನ್ಯೂಟ್ರಾನುಗಳೂ ಹೊರಬೀಳುವುವು. ಇವೆಲ್ಲದರ ಒಟ್ಟು ತೂಕವು ಮೊದಲಿನ ತೂಕಕ್ಕಿಂತ ಎಳ್ಳಷ್ಟು ಕಡಮೆ. ಕಡಮೆಯಾದ ಆ ದ್ರವ್ಯವೇ ಶಕ್ತಿಯಾಗಿ, ಹೋಳುಗಳ ವೇಗವಾಗಿ, ಕಡೆಗೆ ಶಾಖವಾಗಿ ಪ್ರಕಟವಾಗುವುದು. ಬಿಡಿ ನ್ಯೂಟ್ರಾನು ಮತ್ತೊಂದು ಬೀಜವನ್ನು ಸೀಳಿದರೆ ಕಾರ್ಯವು ಸರಪಳಿಯಾಗಿ ಮುಂದುವರಿಯುವುದು.

ಭೂಮಿಯಿಂದ ತೆಗೆದ ಯುರೇನಿಯಮ್ಮಿನಲ್ಲಿ ಸುಲಭವಾಗಿ ಸೀಳತಕ್ಕ ಜಾತಿಯು, ಎಂದರೆ ಯುರೇನಿಯಮ್ 235, ಸಾವಿರಕ್ಕೆ ಏಳು ಭಾಗ ಮಾತ್ರ. ಬಾಂಬಿಗೆ ಬೇಕಾದುದು ನೂರಕ್ಕೆ ತೊಂಬತ್ತರಷ್ಟು. ಕೈಗಾದಲ್ಲಿ ಉರಿಯುವುದು ಆ ಸಾವಿರಕ್ಕೆ ಏಳರದೇ ಆದುದರಿಂದ, ಅದು ಹಿರೋಷಿಮದ ಬಾಂಬಿನಂತೆ ಸಿಡಿಯುವುದು ಭೌತಶಾಸ್ತ್ರದ ನಿಯಮಕ್ಕೇ ವಿರುದ್ಧ. ಇಷ್ಟು ಕಡಮೆಯಿರುವಾಗ ಸರಪಳಿ ಕಡಿಯದಂತೆ ನೋಡಿಕೊಳ್ಳುವುದೇ ಕಷ್ಟ. ವೇಗವಾದ ನ್ಯೂಟ್ರಾನು ಬಹುಮಟ್ಟಿಗೆ ಬೀಜವನ್ನು ಸೀಳದೆ ಹಾದುಹೋಗುವುದು, ನಿಧಾನವಾದುದು ಸೀಳುವುದು. ಆದುದರಿಂದ ಅದರ ವೇಗವನ್ನು ತಗ್ಗಿಸಬೇಕು. ಕೇರಂ ಆಟದಲ್ಲಿ ಕಾಯಿಯು ಹಲಗೆಯ ಅಂಚಿಗೆ ತಗಲಿದರೆ ವೇಗ ಹೆಚ್ಚು ಕಳೆಯದೆ ಹಿಂತಿರುಗುವುದು, ತನ್ನಷ್ಟೇ ತೂಕದ ಇನ್ನೊಂದು ಕಾಯಿಗೆ ನೇರವಾಗಿ ತಗಲಿದರೆ ತಾನು ನಿಂತುಹೋಗುವುದು. ಹಾಗೆಯೇ ನ್ಯೂಟ್ರಾನನ್ನು ನಿಧಾನಿಸಲು ಅದಕ್ಕೆ ಸಮೀಪದ ತೂಕದ ಹಗುರ ಬೀಜಗಳು ಬೇಕು. ಸಾಮಾನ್ಯ ನೀರಿನ ಹೈಡ್ರೋಜನ್ ತೂಕದಲ್ಲಿ ಸರಿಹೊಂದಿದರೂ ನ್ಯೂಟ್ರಾನನ್ನು ನುಂಗಿಬಿಡುವುದು. ಭಾರಜಲದ, ಎಂದರೆ ಭಾರವಾದ ಜಾತಿಯ ಹೈಡ್ರೋಜನ್ನಿನಿಂದಾದ ನೀರಿನ, ಹೈಡ್ರೋಜನ್ ಅಷ್ಟಾಗಿ ನುಂಗದು. ಕೈಗಾದಲ್ಲಿ ಭಾರಜಲವೇಕೆ ಎಂಬ ಪ್ರಶ್ನೆಗೆ ಉತ್ತರವಿಷ್ಟೆ. ನ್ಯೂಟ್ರಾನುಗಳನ್ನು ಹೀರುವ ದಂಡಗಳನ್ನು ಒಳಕ್ಕಿಳಿಸಿದರೆ ಸರಪಳಿ ನಿಲ್ಲುವುದು. ಶಾಖದಿಂದ ಮುಂದಿನದೆಲ್ಲ, ಎಂದರೆ ನೀರು ಕುದಿದು ಹಬೆಯಾಗಿ ಚಕ್ರವನ್ನು ತಿರುಗಿಸುವುದೆಲ್ಲ, ಮುದ್ದನೂರಿನ ಬಳಿಯ ಕಲ್ಲಿದ್ದಲ ಸ್ಥಾವರದಲ್ಲಿ ನಡೆಯುವಂತೆಯೇ.

ಕೈಗಾದ ಇಂಧನವನ್ನು ಹತ್ತಿರದಿಂದ ನೋಡಿ. ಮೊಳದಷ್ಟು ಉದ್ದದ ಹತ್ತೊಂಬತ್ತು ಲೋಹದ ಕೊಳವೆಗಳನ್ನು ಒತ್ತಾಗಿ ಜೋಡಿಸಿದ ಕಟ್ಟೊಂದು. ಪ್ರತಿ ಕೊಳವೆಯೊಳಗೂ ಸುಟ್ಟ ಮಣ್ಣಿನಂತೆ ಗಟ್ಟಿಯಾದ, ಬೆರಳ ತುದಿಯ ಗಾತ್ರದ ಕಪ್ಪು ಬಿಲ್ಲೆಗಳು. ಯುರೇನಿಯಮ್ಮಿನ ತೂಕ ಹದಿಮೂರು ಕಿಲೋವಿಗೆ ತುಸು ಮೇಲೆ. ಹೊಸ ಕಟ್ಟನ್ನು ಕೈಗವಸು ತೊಟ್ಟು ಎತ್ತಿ ಇಡಬಹುದು. ಇಂಥವು 3,672 ಸೇರಿದರೆ ಒಂದು ಘಟಕದ ಇಂಧನ. ಒಂದು ಕಟ್ಟು ವರ್ಷಕ್ಕೂ ಮೀರಿ ಒಳಗಿದ್ದು ಹೊರಬರುವಷ್ಟರಲ್ಲಿ ಸುಮಾರು ಆರು ಲಕ್ಷ ಯೂನಿಟ್ಟು ವಿದ್ಯುತ್ತನ್ನು ಕೊಟ್ಟಿರುವುದು. ಕಲ್ಯಾಣದುರ್ಗದ ರೈತನ ಐದು ಎಚ್.ಪಿ. ಮೋಟಾರು ದಿನಕ್ಕೆ ಒಂಬತ್ತು ಗಂಟೆ ಓಡಿದರೆ ಸುಮಾರು ಮೂವತ್ತಾರು ಯೂನಿಟ್ಟು. ಎಂದರೆ ಒಂದು ಕಟ್ಟು ಅವನ ಮೋಟಾರನ್ನು ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಸಬಲ್ಲದು. ಅಷ್ಟೇ ವಿದ್ಯುತ್ತಿಗೆ ಕಲ್ಲಿದ್ದಲಾದರೆ ನಾನೂರು ಟನ್ನಿನಷ್ಟು ಬೇಕು. ಅಣುಶಕ್ತಿಯ ಆಕರ್ಷಣೆಯೆಲ್ಲ ಈ ಅಂತರದಲ್ಲಿದೆ.

ಅದರ ಅಪಾಯವೂ ಆ ಕಟ್ಟಿನಲ್ಲಿಯೇ ಇರುವುದನ್ನು ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಒಳಹೋಗುವಾಗ ಕೈಯಿಂದ ಮುಟ್ಟಬಹುದಾಗಿದ್ದ ವಸ್ತು, ಹೊರಬರುವಾಗ ಬಳಿ ನಿಂತವನನ್ನು ಕೊಲ್ಲಬಲ್ಲುದಾಗಿರುವುದು. ಏಕೆಂದರೆ ಸೀಳಿದ ಹೋಳುಗಳು ಅಸ್ಥಿರವಾಗಿದ್ದು, ಸ್ಥಿರತೆಗೆ ಬರುವವರೆಗೂ ವಿಕಿರಣವನ್ನು ಚೆಲ್ಲುತ್ತಿರುವುವು. ದಂಡಗಳನ್ನಿಳಿಸಿ ಸರಪಳಿಯನ್ನು ನಿಲ್ಲಿಸಿದರೂ ಆ ಹೋಳುಗಳ ಶಾಖ ನಿಲ್ಲದು. ನಿಲ್ಲಿಸಿದ ಕ್ಷಣದಲ್ಲಿ ಪೂರ್ಣ ಶಾಖದ ನೂರಕ್ಕೆ ಆರರಷ್ಟಿದ್ದು ಕ್ರಮೇಣ ತಗ್ಗುವುದು. ಹುಟ್ಟುವ ಶಾಖವು ಅದರಿಂದಾಗುವ ವಿದ್ಯುತ್ತಿಗಿಂತ ಬಹಳ ಹೆಚ್ಚಾದುದರಿಂದ, 220 ಮೆಗಾವ್ಯಾಟು ವಿದ್ಯುತ್ತಿನ ಘಟಕದಲ್ಲಿ ಶಾಖದ ಆ ಆರು ಭಾಗವೆಂದರೆ ನಲವತ್ತು ಮೆಗಾವ್ಯಾಟಿಗೂ ಮೇಲೆ. ಅದನ್ನು ತಂಪಾಗಿಡಲು ನೀರು ಹರಿಯುತ್ತಲೇ ಇರಬೇಕು. 2011ರ ಮಾರ್ಚ್ 11ರಂದು ಫುಕುಶಿಮದಲ್ಲಿ ಭೂಕಂಪವಾದೊಡನೆ ಘಟಕಗಳು ಸರಿಯಾಗಿಯೇ ನಿಂತವು. ಬಳಿಕ ಬಂದ ಸುನಾಮಿಯು ಪಂಪುಗಳ ವಿದ್ಯುತ್ತನ್ನು ಕಸಿದುದರಿಂದ ಈ ಉಳಿಕೆಯ ಶಾಖವೇ ಇಂಧನವನ್ನು ಕರಗಿಸಿತು. ಇದನ್ನು ತಿಳಿದವನು ಸ್ಥಾವರದ ಅಧಿಕಾರಿಯನ್ನು, ಸುರಕ್ಷಿತವೇ ಎಂದು ಕೇಳುವುದಿಲ್ಲ. ಜಾಲದ ವಿದ್ಯುತ್ತೂ ಡೀಸೆಲ್ ಜನರೇಟರೂ ಎರಡೂ ಕೈಕೊಟ್ಟರೆ ನೀರು ಎಷ್ಟು ಗಂಟೆ ಹರಿಯುವುದು ಎಂದು ಕೇಳುವನು. ಮೊದಲನೆಯ ಪ್ರಶ್ನೆಗೆ ಯಾರೂ ಹೌದೆಂದು ಹೇಳಿ ಪಾರಾಗಬಹುದು. ಎರಡನೆಯದಕ್ಕೆ ಲೆಕ್ಕ ಕೊಡಬೇಕಾಗುವುದು.

ಅಜ್ಞಾನವು ಭಯವನ್ನೂ ತಪ್ಪು ಜಾಗದಲ್ಲಿ ನೆಡುವುದು. ಸಾವಿರಾರು ವರ್ಷ ಉಳಿಯುವ ವಿಕಿರಣವೆಂದು ಹೇಳಿ ಹೆದರಿಸುವುದು ಭಾಷಣಕಾರರ ರೂಢಿ. ವಸ್ತುವು ದೀರ್ಘಕಾಲ ಉಳಿಯುವುದೆಂದರೆ ಅದು ತನ್ನ ವಿಕಿರಣವನ್ನು ನಿಧಾನವಾಗಿ ಚೆಲ್ಲುವುದೆಂದೇ ಅರ್ಥ. ಯುರೇನಿಯಮ್ 238ರ ಅರ್ಧಾಯುಷ್ಯ, ಎಂದರೆ ಇದ್ದುದರಲ್ಲಿ ಅರ್ಧದಷ್ಟು ಕಳೆಯಲು ಬೇಕಾದ ಕಾಲ, ಸುಮಾರು 450 ಕೋಟಿ ವರ್ಷ. ಅದರ ವಿಕಿರಣ ದುರ್ಬಲ. ಅಯೋಡಿನ್ 131ರದು ಎಂಟೇ ದಿನ; ಅದು ಚೆರ್ನೋಬಿಲಿನ ಸುತ್ತಿನ ಮಕ್ಕಳ ಗಂಟಲಿನ ಗ್ರಂಥಿಯಲ್ಲಿ ಕ್ಯಾನ್ಸರನ್ನು ತಂದಿತು. ಇವೆರಡರ ನಡುವೆ, ಮೂವತ್ತು ವರ್ಷದ ಅರ್ಧಾಯುಷ್ಯವುಳ್ಳ ಸೀಸಿಯಮ್ 137, ನೆಲದಲ್ಲಿ ಸೇರಿಕೊಂಡು ಎರಡು ಮೂರು ತಲೆಮಾರುಗಳನ್ನು ಕಾಡತಕ್ಕುದು. ಪ್ಲುಟೋನಿಯಮ್ ಮಾತ್ರ ಇಪ್ಪತ್ತನಾಲ್ಕು ಸಾವಿರ ವರ್ಷದ ಅರ್ಧಾಯುಷ್ಯವುಳ್ಳದ್ದಾಗಿದ್ದೂ ಉಸಿರಿನೊಡನೆ ಒಳಹೊಕ್ಕರೆ ಘೋರವಾದುದು. ಯಾವ ವಸ್ತು, ಎಷ್ಟು, ಯಾವ ದಾರಿಯಿಂದ ದೇಹಕ್ಕೆ ಎಂಬ ಮೂರನ್ನು ಹೇಳದೆ ಬರಿಯ ವಿಕಿರಣವೆಂದು ಕೂಗುವವನೂ, ಹೇಳದೆಯೇ ಏನೂ ಆಗದೆನ್ನುವವನೂ ಸಮಾನವಾಗಿ ಜನದ್ರೋಹಿಗಳು.

2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಮ್ ಸೇರಿದ ಭಾರಜಲವು ಬೆರೆತು, ಐವತ್ತಕ್ಕೂ ಹೆಚ್ಚು ಮಂದಿ ನೌಕರರ ದೇಹಕ್ಕೆ ಹೋಯಿತು. ಅದು ಅಕ್ಷಮ್ಯವಾದ ಘಟನೆ. ಆದರೆ ಟ್ರಿಟಿಯಮ್ಮೆಂದರೆ ವಿಕಿರಣವುಳ್ಳ ಹೈಡ್ರೋಜನ್ನೇ, ಅದು ದೇಹದಲ್ಲಿ ನೀರಾಗಿಯೇ ಇದ್ದು ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಮೂತ್ರ ಬೆವರುಗಳಲ್ಲಿ ಹೊರಹೋಗುವುದು, ಹೆಚ್ಚು ನೀರು ಕುಡಿದಷ್ಟೂ ಬೇಗ ಹೋಗುವುದು ಎಂಬುದನ್ನು ಆ ದಿನಗಳಲ್ಲಿ ಕನ್ನಡಿಗರಿಗೆ ಬಿಡಿಸಿ ಹೇಳಿದವರು ವಿರಳ.

ಈಗ ಕಾಲಡಿಯ ಬಂಡೆಗೆ ಬರೋಣ. ಅದರಲ್ಲಿ ಪ್ರಕೃತಿಸಹಜವಾಗಿಯೇ ಅಲ್ಪ ಪ್ರಮಾಣದ ಯುರೇನಿಯಮ್ ಉಂಟು. ಕೆರೆಗಳು ಬತ್ತಿ, ತೆರೆದ ಬಾವಿಗಳು ಬತ್ತಿ, ಕೊಳವೆಬಾವಿಗಳು ಆಳಕ್ಕಿಳಿದಂತೆಲ್ಲ, ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಂಡು ಮೇಲಕ್ಕೆ ಬರುವುದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 57 ಹಳ್ಳಿಗಳ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 30 ಮೈಕ್ರೋಗ್ರಾಮನ್ನೂ, 48 ಹಳ್ಳಿಗಳ ನೀರು ನಮ್ಮ ಅಣುಶಕ್ತಿ ನಿಯಂತ್ರಣ ಮಂಡಲಿಯ ಮಿತಿಯಾದ 60 ಮೈಕ್ರೋಗ್ರಾಮನ್ನೂ ಮೀರಿದ್ದುವು. ಹಿಂದೂಪುರಕ್ಕೆ ಅಂಟಿಕೊಂಡ ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳು ಆ ಅಧ್ಯಯನದಲ್ಲಿ ಪ್ರಮುಖವಾಗಿದ್ದುವು. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ಪೆನ್ನೆಯು ಹರಿದುಬರುವಂತೆ ಬಂಡೆಯೂ ಮುಂದುವರಿದಿರುವುದು. ಎರಡು ರಾಜ್ಯಗಳ ನಡುವಿನ ಗೆರೆಯು ಬಂಡೆಗೆ ತಿಳಿಯದು.

ಈ ಯುರೇನಿಯಮ್ಮಿನ ಕೆಡುಕು ಮುಖ್ಯವಾಗಿ ವಿಕಿರಣದಿಂದ ಬರುವುದಲ್ಲ. ಸೀಸದಂತೆ ಭಾರಲೋಹವಾಗಿ ಅದು ಮೂತ್ರಪಿಂಡವನ್ನು ಪೀಡಿಸುವುದು. ನೀರನ್ನು ಕಾಯಿಸಿದರೆ ಅದು ಹೋಗದು, ಹಬೆ ಹೋದಷ್ಟು ಉಳಿದ ನೀರಿನಲ್ಲಿ ಸಾಂದ್ರವಾಗುವುದು. ಟಿ.ಡಿ.ಎಸ್. ಮೀಟರು ಅದನ್ನು ತೋರಿಸದು, ಏಕೆಂದರೆ ಆ ಮೀಟರು ಲೀಟರಿಗೆ ನೂರಾರು ಮಿಲಿಗ್ರಾಮಿನ ಉಪ್ಪನ್ನು ಎಣಿಸುವಲ್ಲಿ, ಮಿಲಿಗ್ರಾಮಿನ ಅಲ್ಪ ಭಾಗದಷ್ಟಿರುವ ಯುರೇನಿಯಮ್ ಮರೆಯಾಗುವುದು. ಆರ್.ಓ. ಘಟಕವು ಅದರ ಬಹುಭಾಗವನ್ನು ತೆಗೆಯುವುದು. ಆದರೆ ತೆಗೆದುದು ಘಟಕದ ಹಿಂಬದಿಯ ಕೊಳವೆಯಿಂದ ಬೀಳುವ ತಿರಸ್ಕೃತ ನೀರಿನಲ್ಲಿ ಸೇರಿಕೊಳ್ಳುವುದು, ಅದು ನಿಂತ ಗುಂಡಿಯಲ್ಲಿ ದನಗಳು ಕುಡಿಯುವುವು. ನೂರಾರು ಕಿಲೋಮೀಟರ್ ಆಚೆಯ ಸ್ಥಾವರದ ಹೆಸರೆತ್ತಿದರೆ ಬೆಚ್ಚುವ ಜನರು ತಮ್ಮ ಮನೆಯ ಬಿಂದಿಗೆಯಲ್ಲಿ ಏನಿರಬಹುದೆಂದು ವಿಚಾರಿಸದಿರುವುದು ಅವರ ತಪ್ಪಲ್ಲ. ತಿಳಿಯದೆಂಬ ನೆವದಿಂದ ಅವರಿಗೆ ಹೇಳದೆ ಇದ್ದವರ ತಪ್ಪು. ಹೇಳಿದರೆ ಜನ ಗಾಬರಿಗೊಳ್ಳುವರೆಂದು ಅಧಿಕಾರಿಗಳು ವಾದಿಸುವರು. ಫ್ಲೋರೈಡಿನ ವಿಷಯವನ್ನು ಹೇಳಿದಾಗ ಈ ಜನ ಗಾಬರಿಗೊಂಡು ಊರು ಬಿಡಲಿಲ್ಲ. ಬೇರೆ ನೀರು ಬೇಕೆಂದು ಕೇಳಿದರು, ದಶಕಗಳು ಕಳೆದ ಮೇಲಾದರೂ ಕೆಲವೆಡೆ ಪಡೆದರು.

ತುಮ್ಮಲಪಲ್ಲೆಯಲ್ಲಿ ಈ ಮೌನದ ಫಲವನ್ನು ಕಣ್ಣಾರೆ ಕಾಣಬಹುದು. ಅಲ್ಲಿಯ ಅದಿರು ಬಹಳ ಕೆಳದರ್ಜೆಯದು, ಟನ್ನಿಗೆ ಅರ್ಧ ಕಿಲೋ ಯುರೇನಿಯಮ್ ಸಹ ಇಲ್ಲ. ಆದುದರಿಂದ ಮೇಲೆ ಹೇಳಿದ ಒಂದು ಕಟ್ಟಿಗೆ ಹತ್ತಾರು ಟನ್ ಬಂಡೆಯನ್ನು ಅರೆಯಬೇಕು. ಯುರೇನಿಯಮ್ ತೆಗೆದ ಮೇಲೆ ಉಳಿದ ಕೆಸರಿನಲ್ಲಿ ರೇಡಿಯಮ್ ಮೊದಲಾದುವು ಉಳಿದು, ಅದಿರಿನ ವಿಕಿರಣದ ಬಹುಪಾಲು ಅಲ್ಲಿಯೇ ಇರುವುದು. ಆ ಕೆಸರನ್ನು ತುಂಬಿದ ಹೊಂಡದ ಸುತ್ತಿನ ಹಳ್ಳಿಗಳ ರೈತರು ತಮ್ಮ ಬೋರುಗಳ ನೀರು ಕೆಟ್ಟಿತು, ಬಾಳೆಯ ತೋಟ ಒಣಗಿತು ಎಂದು ದೂರಿದರು. ಗಣಿಯವರು ತಮ್ಮಿಂದಲ್ಲ, ಅಲ್ಲಿಯ ನೆಲದ ಗುಣವೇ ಹಾಗೆಂದರು. ನೆಲದಲ್ಲಿ ಯುರೇನಿಯಮ್ ಸಹಜವಾಗಿರುವ ಸೀಮೆಯಲ್ಲಿ ಈ ಎರಡು ಮಾತುಗಳಲ್ಲಿ ಯಾವುದು ದಿಟವೆಂಬುದನ್ನು ಒಂದೇ ಒಂದು ವಸ್ತು ನಿರ್ಣಯಿಸಬಲ್ಲುದು: ಗಣಿಯಾಗುವುದಕ್ಕೆ ಮೊದಲು ಪ್ರತಿಯೊಂದು ಬೋರಿನಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಎಂಬ ಅಂಕಿ. ಆ ಅಂಕಿ ತೆಲುಗಿನಲ್ಲಿ ಪಂಚಾಯತಿಯ ಗೋಡೆಯ ಮೇಲೆ ಮೊದಲ ದಿನದಿಂದಲೂ ಇದ್ದಿದ್ದರೆ, ರೈತನು ಅಧಿಕಾರಿಯ ದಯೆಗೆ ಕಾಯಬೇಕಾಗಿರಲಿಲ್ಲ. 1962ರ ಅಣುಶಕ್ತಿ ಕಾಯಿದೆಯು ಮಾಹಿತಿಯ ಪ್ರಕಟಣೆಯನ್ನು ನಿರ್ಬಂಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಬಾಂಬಿನ ರಹಸ್ಯಕ್ಕೆಂದು ಹುಟ್ಟಿದ ಆ ಗೋಪ್ಯದ ಅಭ್ಯಾಸವು ಬಾವಿಯ ನೀರಿಗೂ ಹಬ್ಬಿತು.

ಇನ್ನು ಕೆಲವು ಪ್ರಗತಿಪರ ಮಿತ್ರರು, ಅಣುಶಕ್ತಿಯನ್ನು ವಿವರಿಸುವುದೆಂದರೆ ಅದಕ್ಕೆ ಪ್ರಚಾರ ಕೊಡುವುದೇ ಎಂದು ಶಂಕಿಸುವರು. ಇದಕ್ಕೆ ಕನ್ನಡದಲ್ಲಿಯೇ ಉತ್ತರವುಂಟು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದು ಆಧುನಿಕ ವಿಜ್ಞಾನವನ್ನು ಮನೆಮನೆಗೆ ತಂದವರು; ಅದೇ ಕಾರಂತರು ಮುಪ್ಪಿನಲ್ಲಿ ಕೈಗಾ ಸ್ಥಾವರವನ್ನು ಎದುರಿಸಿ ನಿಂತರು, 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಕೈಗಾದ ವಿಷಯದಲ್ಲಿ ಅವರ ತೀರ್ಮಾನವನ್ನು ನಾನು ಪೂರ್ತಿ ಒಪ್ಪುವವನಲ್ಲ. ಕಲ್ಲಿದ್ದಲ ಹೊಗೆಯ ಲೆಕ್ಕವನ್ನೂ ಹಾಕಿದರೆ ಅದು ಅಷ್ಟು ಸುಲಭವಾಗಿ ಇತ್ಯರ್ಥವಾಗದು. ಆದರೆ ವಿವರಿಸುವವನು ವಿರೋಧಿಸಲೂ ಬಲ್ಲನೆಂಬುದಕ್ಕೂ, ವಿವರಿಸಿದುದರಿಂದಲೇ ಅವನ ವಿರೋಧಕ್ಕೆ ತೂಕ ಬಂದಿತೆಂಬುದಕ್ಕೂ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದಕ್ಕೂ ಮೊದಲು, 1918ರಷ್ಟು ಹಿಂದೆಯೇ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದ್ದರು. ಅಂದು ಪರಮಾಣುವಿನ ಬೀಜವು ಪತ್ತೆಯಾಗಿ ಹತ್ತು ವರ್ಷವೂ ಆಗಿರಲಿಲ್ಲ. ಆ ಹಿರಿಯರು ಜನಕ್ಕೆ ತಿಳಿಯದೆಂದು ಸುಮ್ಮನಿರಲಿಲ್ಲ. ಓದು ಬಲ್ಲವರ ಸಂಖ್ಯೆ ಇಷ್ಟು ಬೆಳೆದಿರುವ ಇಂದು ಹಾಗೆನ್ನಲು ನಮಗೆ ಯಾವ ಅಧಿಕಾರವೂ ಇಲ್ಲ.

ಮಡಕಶಿರ, ರೊಳ್ಳ, ಅಮರಾಪುರಗಳ ಕನ್ನಡ ಶಾಲೆಗಳ ಅಧ್ಯಾಪಕರಲ್ಲಿಯೂ, ಹಿಂದೂಪುರ ಕಲ್ಯಾಣದುರ್ಗಗಳ ಕಾಲೇಜುಗಳ ವಿಜ್ಞಾನದ ಉಪಾಧ್ಯಾಯರಲ್ಲಿಯೂ ನನ್ನ ಬೇಡಿಕೆ ಇಷ್ಟೆ. ನಿಮ್ಮ ಊರಿನ ಕುಡಿಯುವ ನೀರಿನ ಬೋರಿನಲ್ಲಿ ಯುರೇನಿಯಮ್ ಲೀಟರಿಗೆ ಎಷ್ಟು ಮೈಕ್ರೋಗ್ರಾಂ ಇದೆಯೆಂದು ತಿಳಿಸಬೇಕೆಂದು ಗ್ರಾಮೀಣ ನೀರು ಸರಬರಾಜು ಇಲಾಖೆಗೆ ಒಂದು ಅರ್ಜಿಯನ್ನು ಮಕ್ಕಳ ಕೈಯಿಂದಲೇ ಬರೆಯಿಸಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿರಿ. ಬಂದ ಅಂಕಿಯನ್ನು 30 ಮತ್ತು 60 ಎಂಬ ಮಿತಿಗಳೊಡನೆ ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ನೀರಿನ ಘಟಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಯಿಸಿರಿ.